ಹೊಸದನ್ನು ಬಿಟ್ಟು ಹಳೇ ಡಿಸ್ಕ್ ಒಯ್ದವನು

2005ರ ಅಕ್ಟೋಬರ್ 10, ಸೋಮವಾರ, ಬೆಳಿಗ್ಗೆ 9.40. ಲಕ್ಷ್ಮೀಪುರಂ ಠಾಣೆಯ ಮುಂದೆ ಮರುದಿನದ ಆಯುಧಪೂಜೆಗೆಂದು ಜೀಪು ತೊಳೆಯುತ್ತಿದ್ದರು. ಮದುವೆ ವಿಡಿಯೊ ಸ್ಟುಡಿಯೋದ ಪುಟ್ಟಸ್ವಾಮಿ ಏದುಸಿರು ಬಿಡುತ್ತಾ ಬಂದು ದೂರು ಕೊಟ್ಟರು. ಅವರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಳುವಾಗಿತ್ತು.

ಇನ್ಸ್‌ಪೆಕ್ಟರ್ ಗುರುಮಲ್ಲಪ್ಪ ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೆಬಲ್ ಚೆಲುವರಾಜು ಜೊತೆ ಸ್ಥಳಕ್ಕೆ ಹೋದರು. ಕ್ಯಾಮೆರಾ ಇದ್ದಲ್ಲೇ ಇತ್ತು. ಮೇಜಿನ ಮೇಲೆ ಹೊಸ ಡಿಸ್ಕೊಂದು ಡಬ್ಬಿ ಸಮೇತ ಕೂತಿತ್ತು. ಕಂಪ್ಯೂಟರಿನ ಸ್ಕ್ರೂಗಳೆಲ್ಲ ಮತ್ತೆ ಬಿಗಿಯಾಗಿದ್ದವು, ಒಳಗಿನ ಧೂಳನ್ನೂ ಒರೆಸಿದ್ದರು.

"ಬೀಗ ಒಡೆದಿಲ್ಲವಲ್ರೀ?"

"ಇಲ್ಲ ಸಾರ್. ನಿನ್ನೆ ನಾಮಕರಣದ ಶೂಟಿಂಗಿಗೆ ಹೋಗಿದ್ವಿ. ಕೀ ಪಕ್ಕದ ಕಾಫಿಪುಡಿ ಅಂಗಡೀಲಿ ಕೊಟ್ಟೋಗೋದು ರೂಢಿ."

ಕಾಫಿಪುಡಿ ಅಂಗಡಿಯ ಸರೋಜಮ್ಮ ಹೆದರಿದ್ದರು. "ಕಂಪ್ಯೂಟರ್ ರಿಪೇರಿಯೋರು ಅಂದ್ರು. ಹಣೇಲಿ ವಿಭೂತಿ, ಮೇಷ್ಟ್ರ ಥರ ಇದ್ರು. ಅರ್ಧ ಗಂಟೇಲಿ ಕೀ ವಾಪಸ್ ಕೊಟ್ಟು, ಕೈ ಮುಗ್ದು ಹೋದ್ರು ಕಣ್ರೀ. ಕಳ್ಳ ಅಂತ ಎಂಗೆ ತಿಳ್ಕೊಳ್ಳಲಿ?"

ಬೀಗ ಹಾಕಿ, ಕೀ ಒಪ್ಪಿಸಿ, ನಮಸ್ಕಾರ ಹೇಳಿ ಹೋಗುವ ಕಳ್ಳನನ್ನು ಗುರುಮಲ್ಲಪ್ಪ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ.

"ಡಿಸ್ಕಲ್ಲಿ ಏನಿತ್ತು?"

"ಈ ಸೀಸನ್ನಿನ ಹತ್ತು ಮದುವೆ ಸಾರ್, ಎಡಿಟ್ ಮಾಡೋಕೆ ಮುಂಚಿನ ಮೂಲ ಶೂಟಿಂಗು. ಎಡಿಟ್ ಮಾಡಿ, ಹಾಡು ಹಾಕಿ ಪಾರ್ಟಿಯವರಿಗೆ ಸೀಡಿ ಕೊಟ್ಟಾಯ್ತು. ಪ್ರತಿ ವರ್ಷ ಆಯುಧಪೂಜೆ ದಿನ ಎಲ್ಲಾ ಅಳಿಸಿ, ಡಿಸ್ಕಿಗೆ ಕುಂಕುಮ ಇಡ್ತೀನಿ."

"ಅದು ಬೇಕು ಅಂತ ಯಾರಾದ್ರೂ ಕೇಳಿದ್ರಾ?"

"ದಿನಾ ಹತ್ತು ಜನ ಏನೇನೋ ಕೇಳ್ತಾರೆ ಸಾರ್," ಎಂದು ಪುಟ್ಟಸ್ವಾಮಿ ಅಡ್ಡಗೋಡೆ ಮೇಲೆ ದೀಪ ಇಟ್ಟರು.

ಹೊಸದನ್ನು ಬಿಟ್ಟು ಹಳೆಯದನ್ನು ಒಯ್ದವನಿಗೆ ಬೇಕಾದದ್ದು ಡಿಸ್ಕ್ ಅಲ್ಲ, ಅದರ ಒಳಗಿನದು. ಅದನ್ನು ತೆರೆಯಲಾಗದಿದ್ದರೆ ಯಾರನ್ನಾದರೂ ಕೇಳಲೇಬೇಕು. ಹಾಗೆಂದು ಯೋಚಿಸಿ ಗುರುಮಲ್ಲಪ್ಪ ಚೆಲುವರಾಜುವನ್ನು ಕಂಪ್ಯೂಟರ್ ಅಂಗಡಿಗಳಿಗೆ ಅಟ್ಟಿದರು. ಹನ್ನೊಂದನೆಯ ಅಂಗಡಿಯಲ್ಲಿ, ಸಂಜೆ 5.15ಕ್ಕೆ, ಮಾಲೀಕ ಶಿವಪ್ರಕಾಶ್‌ಗೆ ನೆನಪಾಯಿತು.

"ವಿಭೂತಿ ಹಚ್ಕೊಂಡಿರೋರಾ? ಬೆಳಿಗ್ಗೆ ಬಂದಿದ್ರು. ದಟ್ಟಗಳ್ಳಿ ಸಿದ್ದಲಿಂಗಸ್ವಾಮಿ. ಸ್ಕೂಲಲ್ಲಿ ಕಂಪ್ಯೂಟರ್ ರೂಮ್ ನೋಡ್ಕೊಳ್ತಾರೆ. ಮನೇಲಿರೋ ಕಂಪ್ಯೂಟರಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್ ಇದೆ. ಅದಕ್ಕೆ ವಿಂಡೋಸ್ ಡಿಸ್ಕ್ ಹಾಕಿದ್ರೆ ತೆರೀತಾನೇ ಇಲ್ಲ ಅಂದ್ರು."

"ನೀವೇನ್ ಮಾಡಿದ್ರಿ?"

"ತೆರೆಯೋಕೆ ಬೇಕಾದ ಪ್ರೋಗ್ರಾಮನ್ನ ಸೀಡೀಲಿ ಹಾಕ್ಕೊಟ್ಟೆ. ಇದ್ರಲ್ಲಿ ನೋಡ್ಬೋದು ಅಷ್ಟೇ, ಏನೂ ಬರೆಯೋಕಾಗಲ್ಲ, ಅಳಿಸೋಕೂ ಆಗಲ್ಲ ಅಂದೆ. 'ಅಷ್ಟು ಸಾಕಪ್ಪಾ, ಕೈತಪ್ಪಿ ನಾನೇ ಅಳಿಸಿಬುಟ್ರೆ ಅಂತ ಹೆದರಿದ್ದೆ' ಅಂದ್ರು."

ಮಂಗಳವಾರ ಬೆಳಿಗ್ಗೆ 8.10. ಬಾಳೆಕಂದು ಕಟ್ಟಿಕೊಂಡ ಜೀಪು ದಟ್ಟಗಳ್ಳಿಯ ಮನೆಯ ಮುಂದೆ ನಿಂತಿತು. ಸ್ವತ್ತು ಗುರುತಿಸಲು ಪುಟ್ಟಸ್ವಾಮಿಯೂ ಬಂದಿದ್ದರು. ಬಾಗಿಲು ತೆರೆದೇ ಇತ್ತು. ಸಿದ್ದಲಿಂಗಸ್ವಾಮಿ ಸ್ನಾನ ಮಾಡಿ, ಮಡಿಸಿದ ಕೈ ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು.

"ಡಿಸ್ಕ್ ತಂದಿದ್ದು ನೀವೇನಾ?"

"ನಾನೇ ಸಾರ್."

"ಯಾಕೆ?"

"ನನ್ನ ಹೆಂಡ್ತಿ ನೀಲಮ್ಮ ಆಗಸ್ಟಲ್ಲಿ ತೀರ್ಕೊಂಡ್ಲು. ಮೇ ತಿಂಗಳಲ್ಲಿ ಪಕ್ಕದ ಮನೆ ಮದುವೇಲಿ ಸೋಬಾನೆ ಹೇಳಿದ್ಲು. ಸೀಡೀಲಿ ಅವಳ ಬಾಯಿ ಆಡುತ್ತೆ, ಕೇಳೋದು ಮಾತ್ರ ಸಿನಿಮಾ ಹಾಡು. ಮನೇಲಿ ಫೋಟೊ ಬೇಕಾದಷ್ಟಿದೆ ಸಾರ್. ದನಿ ಎಲ್ಲೂ ಇಲ್ಲ."

"ಬಂದು ಕೇಳಬಾರದಿತ್ತಾ ಸ್ವಾಮಿ?" ಎಂದರು ಪುಟ್ಟಸ್ವಾಮಿ.

"ಎರಡು ಸಲ ಕೇಳಿದೆ. ಪಾರ್ಟಿಯವರೇ ಬರಬೇಕು ಅಂದ್ರಿ. ಅವ್ರು ಮನೆಗೆ ಬೀಗ ಹಾಕಿ ಹೋಗಿದಾರೆ, ಊರಿಗೆ ಬರೋದು ದೀಪಾವಳಿಗೆ. ಆಯುಧಪೂಜೆಗೇ ಎಲ್ಲಾ ಅಳಿಸ್ತೀನಿ ಅಂತಾನೂ ನೀವೇ ಅಂದಿದ್ರಿ."

ಪುಟ್ಟಸ್ವಾಮಿ ತಲೆ ತಗ್ಗಿಸಿದರು.

"ಕಾಪಿ ಮಾಡ್ಕೊಂಡ್ರಾ?" ಗುರುಮಲ್ಲಪ್ಪ ಕೇಳಿದರು.

"ನನ್ನ ಕಂಪ್ಯೂಟರಲ್ಲಿ ಅಷ್ಟು ಜಾಗ ಇಲ್ಲ ಸಾರ್. ನಿನ್ನೆ ಸಂಜೇನೇ ತೆರ್ಕೊಂಡಿತ್ತು. ಕೇಳೋಕೆ ಧೈರ್ಯ ಬರಲಿಲ್ಲ."

ನೆರೆಯವರಿಬ್ಬರನ್ನು ಪಂಚರಾಗಿ ಕರೆಸಿದರು. ಗುರುಮಲ್ಲಪ್ಪ ಸಿದ್ದಲಿಂಗಸ್ವಾಮಿಯ ಕಡೆ ತಿರುಗಿದರು. "ಸ್ವತ್ತು ಗುರುತಿಸಬೇಕು. ಹಾಕಿ," ಎಂದರು.

ಹಸೆಯ ಮೇಲೆ ಹೆಣ್ಣು ಗಂಡು ಕೂತಿದ್ದರು. ಪಕ್ಕದಲ್ಲಿ ಹಸಿರು ಸೀರೆಯ ಹೆಂಗಸು ಹಾಡುತ್ತಿದ್ದಳು. ದನಿ ತುಸು ಒಡೆದಿತ್ತು, ಆದರೂ ತುಂಬು ದನಿ. ಎರಡು ಸೊಲ್ಲು ಮುಗಿದ ಮೇಲೆ ಅವಳು ಹಾಡು ನಿಲ್ಲಿಸಿ ಯಾರನ್ನೋ ಕೂಗಿದಳು:

"ನಮ್ಮನೆಯವ್ರು ಊಟಕ್ಕೆ ಕೂತ್ರಾ ನೋಡಮ್ಮ. ಹಸಿವು ತಡ್ಕೊಳ್ಳಲ್ಲ ಅವ್ರು."

"ಆಯ್ತು ಕಣೇ," ಎಂದರು ಸಿದ್ದಲಿಂಗಸ್ವಾಮಿ. "ನಂದು ಊಟ ಆಯ್ತು."

ಚೆಲುವರಾಜು ಬಾಗಿಲ ಕಡೆ ತಿರುಗಿ ನಿಂತ.

9.05ಕ್ಕೆ ಪಂಚನಾಮೆಗೆ ಸಹಿಗಳಾದವು. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದರು. ಕಳ್ಳತನದ ಉದ್ದೇಶ ಎಂಬಲ್ಲಿ ಗುರುಮಲ್ಲಪ್ಪ ಬಹಳ ಹೊತ್ತು ಪೆನ್ನು ಹಿಡಿದಿದ್ದು, 'ಹೆಂಡತಿಯ ದನಿ ಕೇಳುವ ಆಸೆ' ಎಂದಷ್ಟೇ ಬರೆದರು.

ಜೀಪು ಹತ್ತುವಾಗ ಸಿದ್ದಲಿಂಗಸ್ವಾಮಿ ಕೇಳಿದರು. "ಈಗ ಅದನ್ನ ಅಳಿಸಿಬುಡ್ತಾರಾ ಸಾರ್?"

"ಅದೀಗ ಕೇಸಿನ ಸ್ವತ್ತು. ಕೇಸು ಮುಗಿಯೋವರೆಗೂ ಅದನ್ನ ಯಾರೂ ಅಳಿಸೋ ಹಾಗಿಲ್ಲ."

"ಕೇಸು ಎಷ್ಟು ವರ್ಷ ನಡೆಯುತ್ತೆ?"

ಎಲ್ಲ ಆರೋಪಿಗಳೂ ಇದನ್ನು ಕೇಳುತ್ತಾರೆ. "ನಾಲ್ಕೈದು ವರ್ಷಾನೂ ಆಗಬಹುದು," ಎಂದರು ಗುರುಮಲ್ಲಪ್ಪ.

ಸಿದ್ದಲಿಂಗಸ್ವಾಮಿ ಎರಡೂ ಕೈ ಜೋಡಿಸಿದರು. "ನಿಧಾನಕ್ಕೇ ನಡೀಲಿ ಸಾರ್."