ಕಿಟಕಿ ಸೀಟಿನ ಕರ್ಚೀಫ್

"ನಿನ್ನ ದಸ್ತಿ ಮ್ಯಾಲ ಕುಂತು ಕುಂತು ನನ್ನ ಚೂಡಿದಾರಕ್ಕೆಲ್ಲಾ ನಿನ್ನ ಸೆಂಟಿನ ವಾಸನಿ ಹತ್ತೇತಿ," ಎಂದಳು ಶೈಲಶ್ರೀ.

"ದಸ್ತಿ ಅಲ್ಲ ಕಣೇ, ಕರ್ಚೀಫ್," ಎಂದ ಅಭಯ್. "ಅದಿಲ್ದಿದ್ರೆ ನಿಂಗೆ ಸೀಟ್ ಯಾರು ಕೊಡ್ತಾರೆ?"

ಎರಡು ವರ್ಷದಿಂದ ಇದೇ ಜಗಳ. ಠಾಣೆ ಊರಿನ ನೌಪಾಡಾದ ಅಭಯ್ ಅಲ್ಲಿನ ಸ್ಟೇಷನ್ನಿನಲ್ಲಿ ಮೊದಲೇ ಲೋಕಲ್ ರೈಲು ಹತ್ತಿ, ಕಿಟಕಿ ಸೀಟಿಗೆ ಕರ್ಚೀಫ್ ಹಾಕಿಡುತ್ತಿದ್ದ. ಡೊಂಬಿವಲಿಯಿಂದ ಬೇರೆ ಗಾಡಿಯಲ್ಲಿ ಬಂದಿಳಿದ ಶೈಲಶ್ರೀ ಸ್ಟೇಷನ್ನಿನ ಸೇತುವೆ ದಾಟಿ ಓಡಿ ಬಂದು ಕೂರುತ್ತಿದ್ದಳು. ತುರ್ಭೆಯ ಕಾಲೇಜಿನವರೆಗೂ ಮಾತೇ ಮಾತು, ಆಡಬೇಕಾದ ಆ ಒಂದನ್ನು ಬಿಟ್ಟು.

ಆದರೆ ಅಂದು ಅವಳ ಜಗಳದಲ್ಲಿ ಜೀವವಿರಲಿಲ್ಲ. 2009ರ ಆಗಸ್ಟ್, ಊರಿಗೆಲ್ಲ ಹಂದಿಜ್ವರದ ಭಯ. ಸೋಮವಾರದಿಂದ ಕ್ಯಾಂಪಸ್ ಬಂದ್ ಎಂದು ನೋಟಿಸ್ ಬಿದ್ದಿತ್ತು. ಡೊಂಬಿವಲಿಯವರಿಗೆ ಅಲ್ಲಿಯದೇ ಮದುವೆ ಹಾಲ್‌ನಲ್ಲಿ ಪಾಠ, ಠಾಣೆಯವರಿಗೆ ಠಾಣೆಯಲ್ಲಿ. ಶೈಲಶ್ರೀಗೆ ಮನೆಯಲ್ಲಿ ಇನ್ನೂ ಮೊಬೈಲ್ ಕೊಡಿಸಿರಲಿಲ್ಲ. ನಾಳೆ ಶುಕ್ರವಾರವೇ ಕೊನೆಯ ದಿನ.

"ಭಾನುವಾರ ಹುಬ್ಬಳ್ಳಿಯಿಂದ ನನ್ನ ನೋಡಾಕ ಬರಾಕತ್ತಾರ," ಎಂದಳು. "ಮನಸ್ಸಿನ್ಯಾಗ ಯಾರರ ಅದಾರೇನು ಅಂತ ಅವ್ವ ಕೇಳ್ಯಾಳ. ಏನಂತ ಹೇಳ್ಲಿ?"

ಅಭಯ್‌ನ ಕಿವಿ ಕೆಂಪಾಯಿತು.

"ಬಾಯಿ ಬಿಟ್ಟು ಹೇಳೂದು ನಿನ್ನ ಕೈಲೆ ಆಗಂಗಿಲ್ಲ. ನಾಳೆ ದಸ್ತಿ ಹಾಕಿದ್ರ ಹೂಂ ಅಂತ ತಿಳ್ಕೋತೀನಿ. ಇಲ್ಲಂದ್ರ ಇಲ್ಲ."

ತುಂಟತನದಿಂದಲೇ ಹೇಳಿದಳು, ಆದರೆ ಒಳಗೆ ಅವಳಿಗೆ ಭಯವಾಗಿತ್ತು.

ಶುಕ್ರವಾರ ಗಾಡಿ ಅರ್ಧ ಖಾಲಿ. ಅಭಯ್ ಇರಲಿಲ್ಲ. ಕಿಟಕಿ ಸೀಟಿನ ಮೇಲೆ ಏನೂ ಇರಲಿಲ್ಲ. ಕೆಳಗೆ ಬಿಳಿಯ ಬಟ್ಟೆಯೊಂದು ಮುದುಡಿ ಬಿದ್ದಿತ್ತು. ಎದುರಿಗಿದ್ದ ಅಜ್ಜಿ ಕೊಡೆಯ ತುದಿಯಿಂದ ಅದನ್ನು ತೋರಿಸಿ, "ಕಿಸೀಕಾ ಮಾಸ್ಕ್ ಹೈ ಬೇಟಾ, ಸೀಟ್ ಸೇ ಮೈನೇ ಗಿರಾಯಾ. ಹಾಥ್ ಮತ್ ಲಗಾನಾ," ಎಂದರು. ಯಾರದೋ ಮಾಸ್ಕ್, ಸೀಟಿನಿಂದ ತಾವೇ ಬೀಳಿಸಿದ್ದು, ಮುಟ್ಟಬೇಡ ಎಂದು. ಶೈಲಶ್ರೀ ಅದನ್ನು ಚಪ್ಪಲಿಯಿಂದ ದೂರ ತಳ್ಳಿ ಕೂತಳು. ತುರ್ಭೆಯವರೆಗೂ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಲ್ಲರೂ ಮುಖ ಮುಚ್ಚಿಕೊಂಡಿದ್ದ ಕಾಲ, ಯಾರೂ ಏನೆಂದು ಕೇಳಲಿಲ್ಲ.

ಭಾನುವಾರ ಅವ್ವನಿಗೆ, "ಯಾರೂ ಇಲ್ಲ," ಎಂದಳು.

ಐದು ವಾರದ ಮೇಲೆ ಕ್ಯಾಂಪಸ್ ತೆರೆಯಿತು. ಕ್ಯಾಂಟೀನಿನಲ್ಲಿ ಅಭಯ್ ಸಿಕ್ಕ. ಅರ್ಧ ಇಳಿದುಹೋಗಿದ್ದ, ಆದರೂ ಮುಖದ ತುಂಬ ನಗು.

"ಏನ್ ಮೇಡಂ, ಮನೇಲಿ ಹೇಳಿದ್ಯಾ?"

"ಏನು ಹೇಳೂದು? ನೀ ಬರ್ಲೇ ಇಲ್ಲ!"

"ಬಂದಿದ್ದೆ ಕಣೇ. ಮೈ ಸುಡ್ತಿತ್ತು. ನಿಂಗೂ ತಗಲುತ್ತೆ ಅಂತ, ಕರ್ಚೀಫ್ ಹಾಕಿ ಇಳಿದು ಕಂಬದ ಹಿಂದೆ ನಿಂತಿದ್ದೆ. ಅದಕ್ಕೇಂತಲೇ ತಂದ ಹೊಸ ಬಿಳೀ ಕರ್ಚೀಫ್. ನೀನು ಕೂತಿದ್ದು ನೋಡಿದೆ. ಆಮೇಲೆ ಇಪ್ಪತ್ತು ದಿನ ಆಸ್ಪತ್ರೆ. ಜ್ವರದಲ್ಲೂ ನಗ್ತಿದ್ದೆನಂತೆ, ಅಮ್ಮ ಹೇಳ್ತಾರೆ."

ಶೈಲಶ್ರೀ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು. ಅಭಯ್ ಅವಳ ಬೆರಳಿನ ಉಂಗುರ ನೋಡಿದ.

"ಬೇಡ ಅನ್ನೋಕೆ ಆಗಲ್ವಾ?"

"ಲಗ್ನಪತ್ರಿಕಿ ಹಂಚ್ಯಾರ, ಅಭಿ. ಹುಡುಗ ರವಿಕಿರಣ್ ಒಳ್ಳೆಯವ. ಯಾರೂ ಇಲ್ಲ ಅಂತ ನಾನಾ ಬಾಯಿ ಬಿಟ್ಟು ಹೇಳೀನಿ. ಅವಂದೇನು ತಪ್ಪೈತಿ?"

ಸಂಜೆ ತುರ್ಭೆಯಲ್ಲಿ ಅವಳೇ ಮೊದಲು ಗಾಡಿ ಹತ್ತಿದಳು. ಎದುರಿನ ಸೀಟಿಗೆ ತನ್ನ ದಸ್ತಿ ಹಾಕಿದಳು. ಅಭಯ್ ಬಂದು ಅದನ್ನು ಮಡಚಿ ಅವಳ ಕೈಗೆ ಕೊಟ್ಟು ಕೂತ. ಆಮೇಲೆ ಮಾತಾಡತೊಡಗಿದ. ಮೊದಲ ದಿನ ಅವಳ ಜಡೆ ಕಿಟಕಿಗೆ ಸಿಕ್ಕಿಕೊಂಡದ್ದು, ಅವಳು ಬರದ ದಿನ ತಾನೂ ಗಾಡಿ ಬಿಟ್ಟದ್ದು, ಪ್ರತಿ ಬೆಳಿಗ್ಗೆ ಕನ್ನಡಿಯ ಮುಂದೆ ಅದೊಂದು ಮಾತನ್ನು ಅಭ್ಯಾಸ ಮಾಡಿದ್ದು. ಆ ಮಾತನ್ನೂ ಹೇಳಿಬಿಟ್ಟ.

ಠಾಣೆ ಬಂತು.

"ಇಷ್ಟೆಲ್ಲಾ ಮಾತು ಇದ್ದುವಲ್ಲೋ ನಿನ್ನ ಹತ್ರ," ಎಂದಳು ಶೈಲಶ್ರೀ. ಸೇತುವೆ ದಾಟಿ ಡೊಂಬಿವಲಿಯ ಗಾಡಿಗೆ ಹೋದಳು. ಅಂದಿನಿಂದ ಅವಳು ಲೇಡೀಸ್ ಬೋಗಿಯಲ್ಲೇ ಓಡಾಡಿದಳು.