ಅಜ್ಜಿಯ ಕಾಲಿನ ಅಳತೆ

ಅಜ್ಜಿ ಒಂದು ಕಾಲನ್ನು ಆಚೆ ಹಾಕಿ ಹೊಸ ಸೈಕಲ್ಲಿನ ಮೇಲೆ ನಿಂತಳು. ನಿಂತಳು ಅನ್ನುವುದಕ್ಕಿಂತ ನೇತಾಡಿದಳು ಅನ್ನಬೇಕು. ಹೆಬ್ಬೆರಳುಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು.

"ಚೆನ್ನಾಗಿದೆ," ಅಂದಳು. "ಹೈಹೀಲ್ಸ್ ಹಾಕ್ಕೊಂಡು ತುಳಿದ್ರೆ ಆಯ್ತು."

ಯಾರೂ ನಗಲಿಲ್ಲ.

ಆವತ್ತು ಅಜ್ಜಿಗೆ ಅರವತ್ತೈದು ತುಂಬಿತ್ತು. ಓಟ್ಲಿ ಊರಿಗೆಲ್ಲ ಸೈಕಲ್ ಮಾಡಿಕೊಟ್ಟ ವಿಲ್ಫ್ ತಾತ, ಹೆಂಡತಿಗೆ ಅಂತ ಒಂದನ್ನೂ ಮಾಡಿರಲಿಲ್ಲ. ಈ ಚಳಿಗಾಲವಿಡೀ ಹಿತ್ತಲಿನ ಶೆಡ್ಡಿನಲ್ಲಿ ಗುಟ್ಟಾಗಿ ಉಕ್ಕಿನ ಪೈಪು ಕತ್ತರಿಸಿ, ಹಿತ್ತಾಳೆ ಕರಗಿಸಿ ಬೆಸೆದು, ಅರದಿಂದ ಉಜ್ಜಿ, ಹಸಿರು ಬಣ್ಣ ಬಳಿದು ಇದನ್ನು ಮಾಡಿದ್ದ. ಬ್ಯಾಗು ಕಟ್ಟಲು ಹಿಂದೆ ಮುಂದೆ ಕ್ಯಾರಿಯರ್ ಇತ್ತು. ಮೂರು ದಿನ ಸೈಕಲ್ ತುಳಿದು, ಸಮುದ್ರದ ಹತ್ತಿರದ ವಿಟ್ಬಿಯಲ್ಲಿರುವ ಅಕ್ಕ ಎಡ್ನಾಳ ಮನೆಗೆ ಹೋಗಬೇಕು ಅನ್ನುವುದು ಅಜ್ಜಿಯ ಬಹಳ ದಿನದ ಆಸೆ.

"ಅಳತೆ ತಂದಿದ್ದು ಟಿಲ್ಲಿ ಅಲ್ವಾ?" ಅಂತ ಮೊಮ್ಮಗಳು ಟಿಲ್ಲಿಯ ಅಪ್ಪ ಕೇಳಿದ.

"ಅವಳು ಸರಿಯಾಗೇ ಹೇಳಿದ್ಲು," ಅಂದ ತಾತ. "ನಾನೇ ಬರ್ಕೊಳ್ಳೋವಾಗ ತಪ್ಪಿದ್ದೀನಿ. ಕಣ್ಣು ಮೊದಲಿನ ಹಾಗಿಲ್ಲ."

ಟಿಲ್ಲಿ ಕಚ್ಚಿದ ಕೇಕನ್ನು ಮತ್ತೆ ತಟ್ಟೆಗೆ ಇಟ್ಟಳು.

ತಾತ ಅವಳಿಗೆ ಬಿಡಿಸಿ ಹೇಳಿದ್ದ. ಅಜ್ಜಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸು, ಕಾಲಿನ ಸಂದಿಗೆ ಒಂದು ಪುಸ್ತಕ ಇಡು, ಅಲ್ಲಿಂದ ನೆಲದವರೆಗೆ ಅಳೆ, ಕೇಳಿದರೆ ಸ್ಕೂಲಿನ ಪ್ರಾಜೆಕ್ಟಿಗೆ ಅಂತ ಹೇಳು. ಟಿಲ್ಲಿ ಆಗ ಟ್ಯಾಬಿನಲ್ಲಿ ಗೇಮ್ ಆಡುತ್ತಿದ್ದಳು. ಇನ್ನೊಂದೇ ಲೆವೆಲ್ ಬಾಕಿಯಿತ್ತು. ಹಗ್ಗದ ಮೇಲೆ ಒಣಗುತ್ತಿದ್ದ ಅಜ್ಜಿಯ ಪ್ಯಾಂಟಿಗೆ ಟೇಪು ಹಿಡಿದು, "ಎಪ್ಪತ್ತಾರು ಸೆಂಟಿಮೀಟರ್" ಅಂತ ಹೇಳಿಬಿಟ್ಟಿದ್ದಳು. ಆ ಪ್ಯಾಂಟಿನ ತುದಿಯನ್ನು ಅಜ್ಜಿ ಎರಡು ಸಲ ಮಡಚಿ ಹಾಕಿಕೊಳ್ಳುತ್ತಾಳೆ ಅನ್ನುವುದು ಈಗ ನೆನಪಾಯಿತು.

ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ದಿನ ಹೋದ ಹಾಗೆ ಹೇಳುವುದು ಇನ್ನೂ ಕಷ್ಟವಾಯಿತು. ಸ್ಕೂಲಿನಲ್ಲಿ ಟೀಚರ್ ಸ್ಕೇಲ್ ಹೊರಗೆ ತೆಗೆಯಿರಿ ಅಂದರೂ ಅವಳ ಕಿವಿ ಬಿಸಿಯಾಗುತ್ತಿತ್ತು.

ಶನಿವಾರ ಅವಳು ತಾತನ ಮನೆಗೆ ಬಂದಾಗ ಶೆಡ್ಡಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತನಗೊಂದು ಸೈಕಲ್ ಮಾಡಿಸಲು ಲೀಡ್ಸ್‌ನಿಂದ ಬಂದಿದ್ದಳಂತೆ. ತಾತ ಆಗುವುದಿಲ್ಲ ಅಂದ. ನನ್ನ ಅಳತೆಯನ್ನು ನಾನೇ ನಂಬುವ ಹಾಗಿಲ್ಲ, ಬೇರೆ ಯಾರ ಹತ್ತಿರವಾದರೂ ಹೋಗಿ ಅಂದ. ಅವಳು ಹೋದಮೇಲೆ ಬೆಸುಗೆಯ ಸಾಮಾನಿನ ಮೇಲೆ ಹಳೇ ಚಾದರ ಹೊದಿಸಿದ.

"ತಾತ," ಅಂದಳು ಟಿಲ್ಲಿ. "ನಿನ್ನ ಕಣ್ಣು ಸರಿಯಾಗಿದೆ. ನಾನು ಅಜ್ಜಿನ ಅಳೀಲೇ ಇಲ್ಲ. ಪ್ಯಾಂಟು ಅಳೆದೆ."

ತಾತ ಚಾದರದ ಅಂಚನ್ನು ಎಳೆದು ಸರಿ ಮಾಡುತ್ತ ನಿಂತ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಟಿಲ್ಲಿಗೆ.

"ಒಂದು ವಾರ ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡಿದ್ದೆ," ಅಂದ. "ಹೋಗಿ ಅಜ್ಜಿಗೂ ಹೇಳು. ಇಲ್ಲಿಗೆ ಕರ್ಕೊಂಡು ಬಾ."

ಅಡುಗೆಮನೆಯವರೆಗಿನ ಹತ್ತು ಹೆಜ್ಜೆ ಟಿಲ್ಲಿಗೆ ಬಹಳ ದೂರವಾಯಿತು. ಅಜ್ಜಿ ಟೀ ಕಪ್ಪು ತೊಳೆಯುತ್ತಲೇ ಎಲ್ಲ ಕೇಳಿದಳು.

"ಆ ಪ್ಯಾಂಟು ಎಡ್ನಾ ಕೊಟ್ಟಿದ್ದು ಕಣೇ," ಅಂದಳು. "ಒಂಟೆ ಕಾಲು ಅವಳದ್ದು. ಹಾಗಾದ್ರೆ ಈ ಸೈಕಲ್ಲೂ ಅವಳಿಗೇ ಹೋಗ್ಲಿ." ನಗುತ್ತಲೇ ಹೇಳಿದಳು. ಆದರೂ ಕೈ ಒರೆಸಿಕೊಳ್ಳುವಾಗ ಟಿಲ್ಲಿಯ ಮುಖ ನೋಡಲಿಲ್ಲ.

ಶೆಡ್ಡಿನಲ್ಲಿ ಅಜ್ಜಿ ಶೂ ಬಿಚ್ಚಿ ಗೋಡೆಗೆ ಒರಗಿ ನಿಂತಳು. ತಾತ ಟಿಲ್ಲಿಯ ಕೈಗೆ ಟೇಪು ಕೊಟ್ಟ. ಅವಳು ಪುಸ್ತಕ ಇಟ್ಟು ಅಳೆದಳು.

"ಎಪ್ಪತ್ತೊಂದು."

ಈಗ ತಾತ ಬಂದು ತಾನೇ ಅಳೆದು ನೋಡುತ್ತಾನೆ ಅಂದುಕೊಂಡಳು. ತಾತ ಕೂತಲ್ಲಿಂದ ಏಳಲಿಲ್ಲ. ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ಅವಳು ಹೇಳಿದ್ದನ್ನೇ ಬರೆಯಲು ಪೆನ್ಸಿಲ್ ಊರಿದ.

ಟಿಲ್ಲಿಯ ಮುಖ ಕಾದು ಕೆಂಪಾಯಿತು.

"ಇರು ತಾತ," ಅಂದಳು.

ಪುಸ್ತಕವನ್ನು ನೇರ ಮಾಡಿದಳು. ಮಂಡಿಯೂರಿ ಕೂತು, ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು, ಮತ್ತೆ ಮೊದಲಿನಿಂದ ಅಳೆಯತೊಡಗಿದಳು. ತಾತ ಪೆನ್ಸಿಲ್ ಎತ್ತಿ ಹಿಡಿದು ಕಾದ.