ಜಪಾನಿನಿಂದ ಬಂದ ಕಾರು ಎಲ್ಲಿ ಹೋಯಿತು?

ಕಸದ ಬಿನ್ ಹೊರಗಿಡಲು ಬಾಗಿಲು ತೆರೆದ ಡಾಕ್ಟರ್ ಚಂದ್ರಿಕಾ ಮೆಟ್ಟಿಲ ಮೇಲೇ ನಿಂತುಬಿಟ್ಟರು.

ಮನೆಯ ಮುಂದೆ ಕಾರು ಇರಲಿಲ್ಲ.

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಗುಡ್ಡದ ಮೇಲೆ ಆ ನವೆಂಬರ್ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೇಟಿನ ಕಂಬವೂ ಕಾಣುತ್ತಿರಲಿಲ್ಲ. ಕಣ್ಣು ಮೋಸ ಮಾಡುತ್ತಿರಬಹುದೇ? ಮನೆಯ ಚಪ್ಪಲಿಯಲ್ಲೇ ಇಳಿದು, ಕುರುಡರಂತೆ ಕೈ ಚಾಚಿಕೊಂಡು ನಡೆದರು. ಕೈಗೆ ಸಿಕ್ಕಿದ್ದು ಬರೀ ತಣ್ಣನೆಯ ಗಾಳಿ.

"ಆಶ್ರಿತಾ! ಆಶ್ರಿತಾ, ಕಾರಿಲ್ಲ ಕಣೇ!"

*

ಎರಡು ದಿನದ ಮೇಲೆ, ಶನಿವಾರ, ವಿಮಾ ಕಂಪನಿಯ ತನಿಖಾಧಿಕಾರಿ ಭಾಗ್ಯಶ್ರೀ ಡರ್ಬಿಯಿಂದ ಬಂದಳು. ಧಾರವಾಡದವಳು. ಕಳುವಾದ ಕಾರು, ಸುಟ್ಟ ಅಡುಗೆಮನೆ, ಒಡೆದ ಪೈಪು—ವರ್ಷಗಟ್ಟಲೆ ಇವುಗಳ ಹಿಂದೆ ಓಡಾಡಿ ಅವಳ ಸೊಂಟ ಸೋತಿತ್ತು. ಸುಳ್ಳು ಕೇಳಿ ಕೇಳಿ ಕಿವಿಯೂ ಸೋತಿತ್ತು. ಈಗೀಗ ಸುಳ್ಳು ಹಿಡಿದರೂ ಖುಷಿಯಾಗುತ್ತಿರಲಿಲ್ಲ. ಯಾರೋ ಪಾಪ, ಇಷ್ಟಕ್ಕೆ ಇಳಿದರಲ್ಲ ಎನಿಸುತ್ತಿತ್ತು.

ಚಂದ್ರಿಕಾ ಬಾಗಿಲಲ್ಲೇ ಮಾತು ಶುರು ಮಾಡಿದರು. ಅವರು ಅದೇ ಊರಿನ ಜಿಪಿ, ಅಂದರೆ ಕುಟುಂಬ ವೈದ್ಯೆ. ಕಣ್ಣ ಕೆಳಗೆ ಕಪ್ಪು, ಕಾರ್ಡಿಗನ್ನಿನ ಗುಂಡಿ ತಪ್ಪಿತ್ತು.

"ಸೆಕೆಂಡ್ ಹ್ಯಾಂಡ್ ಕ್ರಾಸ್‌ಓವರ್ ಮೇಡಂ, ಜೀಪಿನ ಥರ ಎತ್ತರದ ಕಾರು. ಜಪಾನಿನ ಹರಾಜಿನಲ್ಲಿ ತಗೊಂಡಿದ್ದು. ಹಡಗು ಬರೋಕೇ ತಿಂಗಳುಗಟ್ಟಲೆ ಕಾದ್ವಿ. ಮನೆಗೆ ಬಂದು ವಾರ ಆಗಿರಲಿಲ್ಲ."

"ಇಲ್ಲಿ ಸಿಗದೆ ಇರೋದು ಅದರಲ್ಲಿ ಏನಿತ್ತು ಡಾಕ್ಟ್ರೇ?"

"ಸೀಟು." ಚಂದ್ರಿಕಾರ ದನಿ ಕುಗ್ಗಿತು. "ಗುಂಡಿ ಒತ್ತಿದ್ರೆ ಮುಂದಿನ ಸೀಟು ತಿರುಗಿ, ಬಾಗಿಲಿಂದ ಆಚೆ ಬಂದು, ಕೆಳಗೆ ಇಳಿಯುತ್ತೆ. ನಮ್ಮನೆಯವರಿಗೆ ಸ್ಟ್ರೋಕ್ ಆಗಿ ಮೂರು ವರ್ಷ. ಇಬ್ಬರು ಎತ್ತಿ ಕೂರಿಸಬೇಕು. ಈ ಗುಡ್ಡಕ್ಕೆ, ಹಿಮಕ್ಕೆ ಎತ್ತರದ ಕಾರೇ ಆಗಬೇಕು. ಎತ್ತರದ ಕಾರಲ್ಲಿ ಆ ಸೀಟು ಜಪಾನಲ್ಲಿ ಮಾತ್ರ ಸಿಕ್ತು."

"ಕೀ ಎಷ್ಟಿದ್ದವು?"

"ಎರಡು. ಒಂದು ಅಡುಗೆಮನೆ ಕೊಕ್ಕೆಯಲ್ಲಿ. ಅವತ್ತು ಬೆಳಗ್ಗೆನೂ ಅಲ್ಲೇ ಇತ್ತು, ನಾನೇ ನೋಡಿದೀನಿ. ಇನ್ನೊಂದು ಆ ಹಯವದನನ ಹತ್ರ."

"ಯಾರು ಅವರು?"

"ಕಾರು ತರಿಸಿಕೊಟ್ಟೋನು. ನಿಮ್ಮ ಡರ್ಬಿಯವನೇ. ಮೊದಲು ವಿಮಾನದ ಎಂಜಿನ್ ಫ್ಯಾಕ್ಟರಿಯಲ್ಲಿದ್ದ, ಕೆಲಸ ಹೋದಮೇಲೆ ಇದು ಶುರು ಮಾಡಿದಾನೆ. ಬರೋ ಸೋಮವಾರ ಗರಾಜಿಗೆ ಒಯ್ಯಬೇಕು ಅಂತ ಒಂದು ಕೀ ಇಟ್ಕೊಂಡಿದ್ದ. ಗಾಜು ಒಡೆದಿಲ್ಲ, ಎಳೆದುಕೊಂಡು ಹೋದ ಗುರುತಿಲ್ಲ. ಇನ್ಯಾರು ಮೇಡಂ? ಕನ್ನಡದವರ ಗ್ರೂಪಲ್ಲೂ ಹಾಕಿದೀನಿ. ಇನ್ನೊಬ್ಬರು ಮೋಸ ಹೋಗಬಾರದಲ್ಲ."

"ಹೆಸರು ಹಾಕಿ?"

"ಹೆಸರು ಹಾಕಿ. ಪೊಲೀಸರಿಗೂ ಇವತ್ತು ಅವನ ಹೆಸರು ಹೇಳ್ತೀನಿ."

ಭಾಗ್ಯಶ್ರೀ ಆ ಹೆಸರನ್ನು ಬರೆದುಕೊಂಡಳು. ಒಬ್ಬ ಮನುಷ್ಯನ ಅನ್ನಕ್ಕೆ ಆಗಲೇ ಕಲ್ಲು ಬಿದ್ದಿತ್ತು.

*

ಅಡುಗೆಮನೆಯಲ್ಲಿ ಮಗಳು ಕಾಫಿ ಮಾಡುತ್ತಿದ್ದಳು. ಆಶ್ರಿತಾಳಿಗೆ ಇಪ್ಪತ್ತಾರಿರಬಹುದು. ಚಿಕ್ಕವಳಿದ್ದಾಗ ಮೈಸೂರಿನಿಂದ ಬಂದವಳು. ಮ್ಯಾಂಚೆಸ್ಟರಿನ ಫಾಲೋಫೀಲ್ಡ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಬಾಡಿಗೆಗಿದ್ದು, ಅಲ್ಲೇ ನದಿಗಳ ಬಗ್ಗೆ ಮಾಸ್ಟರ್ಸ್ ಓದಿದ್ದಳು. ಈಗ ಅಪ್ಪನ ಮಾತ್ರೆ, ಅಪ್ಪನ ವ್ಯಾಯಾಮ, ಅಪ್ಪನ ಊಟ.

"ನೀನು ಏನಾದರೂ ನೋಡಿದೆಯೇನವ್ವಾ?"

"ಸೌಂಡ್ ಕೇಳಿ ಎಚ್ಚರ ಆಯ್ತು ಆಂಟಿ. ಇನ್ನೂ ಬೆಳಕಾಗಿರಲಿಲ್ಲ. ಎದ್ದು ಕರ್ಟನ್ ಸರಿಸಿದೆ. ಫುಲ್ ಮಂಜು. ಕಾರಿನ ಶೇಪ್ ಕೂಡ ಕಾಣ್ತಿರಲಿಲ್ಲ. ಮಂಜಲ್ಲಿ ಹಾಕ್ತಾರಲ್ಲ, ಹಿಂದಿನ ಫಾಗ್ ಲೈಟ್, ಅದೊಂದು ಕಾಣಿಸ್ತು, ಅಷ್ಟೇ."

"ಒಂದೇ?"

"ಹೂಂ, ಬಲಗಡೆದು. ಕಣ್ಣಿಗೆ ಚುಚ್ಚೋ ಥರ ಕೆಂಪಗೆ. ಇಳಿಜಾರಲ್ಲಿ ಹೋಗಿ ಮೇನ್ ರೋಡಿಗೆ ತಿರುಗ್ತು."

"ಕೂಗಲಿಲ್ಲ ಯಾಕೆ?"

ಆಶ್ರಿತಾ ಹಾಲಿನ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. "ಹಯವದನ ಅಂಕಲ್ ಗರಾಜಿಗೆ ಒಯ್ತಿದಾರೆ ಅಂದ್ಕೊಂಡೆ."

"ಅವರನ್ನ ನೋಡಿದೆಯಾ?"

"ಇಲ್ಲ. ಅಂದ್ಕೊಂಡೆ."

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಒರೆಸಲು ಬಟ್ಟೆ ಹುಡುಕತೊಡಗಿದಳು. ಬಟ್ಟೆ ಅವಳ ಹೆಗಲ ಮೇಲೇ ಇತ್ತು.

*

ಬೀದಿಯ ಕಡೆಗಿದ್ದ ಹಜಾರವನ್ನೇ ಚಂದ್ರಿಕಾರ ಗಂಡ ಸುಬ್ರಹ್ಮಣ್ಯ ಅವರ ಮಲಗುವ ಕೋಣೆ ಮಾಡಿದ್ದರು. ಕಿಟಕಿಗೆ ಒತ್ತಿ ಆಸ್ಪತ್ರೆಯ ಮಂಚ. ಒಂದು ಕಾಲದಲ್ಲಿ ಅವರು ಅರಿವಳಿಕೆ ತಜ್ಞರು, ಇದೇ ಊರಿನ ದೊಡ್ಡಾಸ್ಪತ್ರೆಯಲ್ಲಿ. ಈಗ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮಾತು ಒಂದೊಂದೇ ಪದವಾಗಿ, ತಡವರಿಸಿ ಬರುತ್ತಿತ್ತು.

"ಕಾರು ಈ ಕಿಟಕಿಯ ಹೊರಗೇ ನಿಂತಿತ್ತಲ್ಲ ಸರ್. ನಿಮಗೇನೂ ಕೇಳಿಸಲಿಲ್ಲವೇ?"

"ಮಾತ್ರೆ... ತಗೊಂಡಿದ್ದೆ. ನಿದ್ದೆ. ಏನೂ... ಕೇಳಿಸಲಿಲ್ಲ."

"ಹಯವದನ ಹೇಗೆ ಮನುಷ್ಯ?"

"ಒಳ್ಳೆ... ಮನುಷ್ಯ."

ಥಟ್ಟನೆ ಅವರ ತಲೆ ಕಿಟಕಿಯತ್ತ ಹೊರಳಿತು. ಭಾಗ್ಯಶ್ರೀ ಕಿವಿಗೊಟ್ಟಳು. ಏನೂ ಇಲ್ಲ. ಆಮೇಲೆ, ಎಷ್ಟೋ ಹೊತ್ತಿನ ಮೇಲೆ ಎಂಬಂತೆ, ಗೇಟಿನ ಚಿಲಕ ಸಣ್ಣಗೆ ಸದ್ದು ಮಾಡಿತು.

"ಯಾರೋ... ಬಂದರು," ಎಂದರು ಸುಬ್ರಹ್ಮಣ್ಯ.

ಬಂದವನು ಹಯವದನ. ಐವತ್ತರ ಆಸುಪಾಸು, ಗಡ್ಡ ಬೋಳಿಸಿರಲಿಲ್ಲ. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ರಟ್ಟಿನ ಡಬ್ಬ. ಬಾಗಿಲು ತೆಗೆದ ಚಂದ್ರಿಕಾ ಒಳಗೆ ಕರೆಯುವವರೆಗೂ ಕಾಯದೆ, ಅವರ ಜೊತೆಗೇ ಈ ಕೋಣೆಗೆ ಬಂದ.

"ಡಾಕ್ಟರ್ ಮೇಡಂ, ಇಗೊಳ್ಳಿ ನಿಮ್ಮ ಕೀ. ನನ್ನನ್ನ ಕಳ್ಳ ಅಂತ ಊರಿಗೆಲ್ಲ ಸಾರಿದಿರಿ. ಕಾರು ತರಿಸಿಕೊಡು ಅಂತ ಕೇಳಿದ್ದವರು ಒಬ್ಬೊಬ್ಬರಾಗಿ ಬೇಡ ಅಂತಿದಾರೆ. ಒಂದು ಫೋನ್ ಮಾಡಿ ಕೇಳಬಹುದಿತ್ತು ನನ್ನ."

"ಕೇಳೋದೇನು? ಕೀ ಇದ್ದಿದ್ದು ನಿನ್ನ ಹತ್ರ!"

"ಒಂದು ನಿಮಿಷ ಡಾಕ್ಟ್ರೇ," ಎಂದಳು ಭಾಗ್ಯಶ್ರೀ. "ಗುರುವಾರ ಬೆಳಗಿನ ಜಾವ ಎಲ್ಲಿದ್ದಿರಿ ನೀವು?"

"ಮನೆಯಲ್ಲಿ."

"ಜೊತೆಗೆ ಯಾರಿದ್ದರು?"

"ಯಾರೂ ಇಲ್ಲ ಮೇಡಂ. ಒಬ್ಬನೇ ಇರೋದು." ಅವನ ಸಿಟ್ಟೆಲ್ಲ ಅಷ್ಟರಲ್ಲೇ ಸೋರಿಹೋಯಿತು. ಡಬ್ಬವನ್ನು ಚಂದ್ರಿಕಾರ ಮುಂದೆ ಮೇಜಿನ ಮೇಲಿಟ್ಟ. "ಇದೂ ನಿಮ್ಮದೇ. ಸೋಮವಾರ ಆ ಕಾರಿಗೆ ಹಾಕಿಸಬೇಕು ಅಂತ ತರಿಸಿದ ಸಾಮಾನು. ಇನ್ನು ನನಗೆ ಯಾಕೆ?"

ಭಾಗ್ಯಶ್ರೀ ಡಬ್ಬದ ಮುಚ್ಚಳ ಎತ್ತಿ ಒಳಗೆ ನೋಡಿದಳು. ಕೆಲವು ಕ್ಷಣ ನೋಡುತ್ತಲೇ ಇದ್ದಳು. ಆಮೇಲೆ ಮುಚ್ಚಳ ಮುಚ್ಚಿ, ಹತ್ತಿರದ ಕುರ್ಚಿಯಲ್ಲಿ ಭಾರವಾಗಿ ಕುಳಿತಳು.

"ಆಶ್ರಿತಾನ್ನ ಕರೀರಿ," ಎಂದಳು. "ಎಲ್ಲರೂ ಕೂತ್ಕೊಳ್ಳಿ."

*

"ಕಾರು ದೂರ ಹೋಗಿಲ್ಲ," ಭಾಗ್ಯಶ್ರೀ ನಿಧಾನವಾಗಿ ಹೇಳಿದಳು. "ಅದಕ್ಕಿನ್ನೂ ಇಲ್ಲಿನ ನಂಬರ್ ಬಂದಿಲ್ಲ. ಪ್ಲೇಟೇ ಇಲ್ಲದ ಕಾರು ಮೋಟರ್‌ವೇಗೆ ಹೋದರೆ ಪೊಲೀಸರ ಕ್ಯಾಮೆರಾ ಬಿಡುತ್ತದೆಯೇ? ಹೊರಗಿನ ಕಳ್ಳರಾಗಿದ್ದರೆ ಪಕ್ಕದ ಮನೆಯ ಮುಂದೆ ನಿಂತಿರೋ ಹೊಸ ಕಾರು ಬಿಟ್ಟು ಇದನ್ನ ಯಾಕೆ ಮುಟ್ಟುತ್ತಾರೆ? ಅಂದರೆ, ತಗೊಂಡವರಿಗೆ ಈ ಕಾರೇ ಬೇಕಿತ್ತು. ಮಾರೋದು ಬೇಕಿರಲಿಲ್ಲ. ಇಲ್ಲಿ ಇಲ್ಲದಿದ್ದರೆ ಸಾಕಿತ್ತು."

"ಇವನಿಗೆ—" ಎಂದರು ಚಂದ್ರಿಕಾ.

"ಇವರಿಗೆ ಏನು ಲಾಭ ಡಾಕ್ಟ್ರೇ? ಸೋಮವಾರ ನೀವೇ ಕೈಯಾರೆ ಕಾರು ಕೊಟ್ಟು ಕಳಿಸುತ್ತಿದ್ದಿರಿ. ಬೇಕಿದ್ದರೆ ಅವತ್ತು ಒಯ್ಯಬಹುದಿತ್ತು. ಮಂಜಿನಲ್ಲಿ ಕದಿಯುವ ಕಷ್ಟ ಯಾಕೆ?" ಅವಳು ಹಯವದನನತ್ತ ತಿರುಗಿದಳು. "ಡಬ್ಬದಲ್ಲಿ ಇರೋದು ಏನ್ರೀ?"

"ಹಿಂದಿನ ಫಾಗ್ ಲೈಟು."

"ಯಾಕೆ ತರಿಸಿದಿರಿ?"

"ಆ ಕಾರಿಗೆ ಇಲ್ಲವಲ್ಲ ಮೇಡಂ. ಜಪಾನಲ್ಲಿ ಅದು ಕಡ್ಡಾಯ ಅಲ್ಲ, ಹಾಗಾಗಿ ಬಹಳ ಕಾರಿಗೆ ಇರೋದೇ ಇಲ್ಲ. ಇಲ್ಲಿ ಬಲಗಡೆ ಒಂದಾದರೂ ಬೇಕು. ಹಾಕಿಸಿದಮೇಲೇ ರಿಜಿಸ್ಟ್ರೇಷನ್ನು."

ಭಾಗ್ಯಶ್ರೀ ಆಶ್ರಿತಾಳತ್ತ ತಿರುಗಿದಳು.

"ಹಂಗಾದ್ರ," ಭಾಗ್ಯಶ್ರೀಯ ಬಾಯಲ್ಲಿ ದಣಿವಿಗೆ ಧಾರವಾಡ ಇಣುಕಿತು, "ಆ ಕಾರಿನ ಬಲಗಡೆ ಕೆಂಪು ಫಾಗ್ ಲೈಟು ಉರಿಯೋದನ್ನ ಯಾರೂ ನೋಡಿರಲಿಕ್ಕೆ ಸಾಧ್ಯ ಇಲ್ಲ. ಈ ದೇಶದಲ್ಲಿ ಬೆಳೆದವರು ಮಂಜಿನಲ್ಲಿ ಹೋಗುವ ಕಾರನ್ನ ಕಲ್ಪಿಸಿಕೊಂಡರೆ, ಆ ದೀಪ ತಾನಾಗೇ ಸೇರಿಬಿಡುತ್ತದೆ. ಕಿಟಕಿಯಿಂದ ನೋಡಿದವರು ಹಾಗೆ ಹೇಳುತ್ತಿರಲಿಲ್ಲ. ಕಾರಿನ ಒಳಗೆ ಕೂತವರಿಗೆ ಮಾತ್ರ ಹಿಂದೆ ಏನು ಉರಿಯುತ್ತಿದೆ, ಏನಿಲ್ಲ ಅಂತ ಗೊತ್ತಾಗೋದಿಲ್ಲ. ಕೀ ಕೊಕ್ಕೆಗೆ ವಾಪಸ್ ಬಂತು, ಯಾಕೆಂದರೆ ಒಯ್ದವರೂ ವಾಪಸ್ ಬಂದರು. ಕಾರು ತಗೊಂಡು ಹೋದವಳು ಆಶ್ರಿತಾ."

ಚಂದ್ರಿಕಾ ನಕ್ಕರು. ನಗು ಅರ್ಧಕ್ಕೇ ನಿಂತಿತು. ಮಗಳು ನಗುತ್ತಿರಲಿಲ್ಲ.

"ಎಲ್ಲಿದೆ?" ಭಾಗ್ಯಶ್ರೀ ಕೇಳಿದಳು.

"ಕೆಳಗಿನ ಬೀದಿ." ಆಶ್ರಿತಾಳ ದನಿ ಒಣಗಿತ್ತು. "ಮಾರ್ಗರೆಟ್ ಆಂಟಿ ಮನೆ ಗರಾಜಲ್ಲಿ. ಅವರು ಸ್ಪೇನಿಗೆ ಹೋಗಿದಾರೆ. ಬೆಕ್ಕಿಗೆ ಊಟ ಹಾಕೋಕೆ ಅಂತ ಕೀ ಕೊಟ್ಟಿದಾರೆ." ಆಮೇಲೆ ಹಯವದನನತ್ತ ತಿರುಗಿದಳು. "ಅಂಕಲ್, ಸಾರಿ. ಅಮ್ಮ ನಿಮ್ಮ ಹೆಸರು ಹಾಕ್ತಾಳೆ ಅಂತ ಗೊತ್ತಿರಲಿಲ್ಲ. ಹಾಕಿದಮೇಲೆ ಹೇಳೋ ಧೈರ್ಯ ಬರಲಿಲ್ಲ."

"ಯಾಕೆ ಕಣೇ?" ಚಂದ್ರಿಕಾ ಕೂಗಿದರು. "ಅಪ್ಪನಿಗೆ ಅಂತ ತರಿಸಿದ ಕಾರು!"

"ಅಪ್ಪನಿಗೆ ಸೀಟು ಅಮ್ಮ. ಸ್ಟೀರಿಂಗ್ ನನಗೆ." ಆಶ್ರಿತಾ ಈಗ ಅಳುತ್ತಿದ್ದಳು, ಆದರೆ ಮಾತು ನಿಲ್ಲಿಸಲಿಲ್ಲ. "ನೀನು ಎರಡು ವಾರ ಇದ್ದು ಹೋಗು ಅಂದೆ. ಬಂದೆ. ಮೂರು ವರ್ಷ ಆಯ್ತು. ಕಾರು ಬಂದ ದಿನ ಏನಂದೆ ನೀನು? 'ಇನ್ನು ಆಶ್ರಿತಾ ಒಬ್ಬಳಿದ್ದರೆ ಸಾಕು, ಯಾರ ಹಂಗೂ ಬೇಡ, ಎಲ್ಲಾ ಕಡೆ ಕರ್ಕೊಂಡು ಹೋಗ್ತಾಳೆ.' ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಕೆಲಸ ಆಗಿತ್ತು ನನಗೆ. ನದಿ ನೀರಿನ ರಿಸರ್ಚು. ಹೇಳೋಣ ಅಂತ ಇದ್ದೆ. ಆ ಕಾರು ಬಾಗಿಲಲ್ಲಿ ಇರೋವರೆಗೂ ನಾನು ಎಲ್ಲಿಗೂ ಹೋಗಲ್ಲ ಅನ್ನಿಸ್ತು. ಎದ್ದೆ, ತಗೊಂಡು ಹೋದೆ. ಇಳಿಜಾರು ಮುಗಿದಮೇಲೆ ಎಲ್ಲಿಗೆ ಅಂತ ಗೊತ್ತಾಗಲಿಲ್ಲ."

"ನನ್ನ ಕೇಳಬಹುದಿತ್ತು..."

"ನೀನು ನನ್ನ ಕೇಳಿದೆಯಾ ಅಮ್ಮ?"

ಹಗಲೆಲ್ಲ ರೋಗಿಗಳನ್ನು ನೋಡಿ, ಸಂಜೆ ಗಂಡನಿಗೆ ಮೈ ಒರೆಸಿ, ಚಂದ್ರಿಕಾರಿಗೆ ಕೇಳಲು ಹೊತ್ತೇ ಇರಲಿಲ್ಲ. ಗುಂಡಿ ತಪ್ಪಿದ ಕಾರ್ಡಿಗನ್ನನ್ನು ಹಿಡಿದುಕೊಂಡು ನಿಂತಿದ್ದರು.

ಆಗ ಮಂಚದಿಂದ ದನಿ ಬಂತು.

"ನನಗೆ... ಗೊತ್ತಿತ್ತು."

ಎಲ್ಲರೂ ತಿರುಗಿದರು. ಭಾಗ್ಯಶ್ರೀ ಮಾತ್ರ ಆಶ್ಚರ್ಯಪಡಲಿಲ್ಲ. ಗೇಟು ಮುಟ್ಟುವ ಮೊದಲೇ ಹೆಜ್ಜೆ ಕೇಳುವ ಕಿವಿಗೆ, ತಲೆಯ ಪಕ್ಕದಲ್ಲೇ ಕಾರು ಹೊರಟದ್ದು ಕೇಳಿಸಲಿಲ್ಲವೆಂದರೆ ನಂಬುವುದು ಹೇಗೆ?

"ಅವಳ ಹೆಜ್ಜೆ... ನನಗೆ ಗೊತ್ತು. ಮೆಟ್ಟಿಲಿಳಿದಳು. ಬಾಗಿಲು. ಕಾರು." ಸುಬ್ರಹ್ಮಣ್ಯ ಎಡಗೈಯಿಂದ ಮಂಚದ ಕಂಬಿ ಹಿಡಿದರು. "ಹೊರಟಳು... ಅಂದುಕೊಂಡೆ. ಹೋಗಲಿ. ಎಲ್ಲಾದರೂ... ಹೋಗಲಿ. ದೇವರೇ, ಪೆಟ್ರೋಲ್ ಇರಲಿ... ಅಂದುಕೊಂಡೆ."

ಅವರು ಉಸಿರು ತೆಗೆದುಕೊಂಡರು.

"ಸ್ವಲ್ಪ ಹೊತ್ತಿಗೆ... ನಡೆದುಕೊಂಡು ವಾಪಸ್ ಬಂದಳು. ಕೆಟ್ಲ್ ಹಾಕಿದಳು. ನನ್ನ ಟೀಗೆ. ಆವಾಗ... ಅತ್ತುಬಿಟ್ಟೆ."

ಆಶ್ರಿತಾ ಮಂಚದ ಪಕ್ಕ ಕುಸಿದು, ಅಪ್ಪನ ಜೀವವಿಲ್ಲದ ಕೈಯ ಮೇಲೆ ಹಣೆ ಇಟ್ಟಳು.

*

ಹಯವದನ ಮೊದಲು ಎದ್ದ. "ಬಾಮ್ಮಾ, ಕಾರು ತರೋಣ. ನೀನು ಗರಾಜ್ ತೆಗೆದು ಕೊಡು ಸಾಕು," ಎಂದ. ಚಂದ್ರಿಕಾ ಅವನನ್ನು ಬಾಗಿಲಲ್ಲಿ ತಡೆದರು.

"ತಪ್ಪಾಯ್ತು ಹಯವದನ ಅವರೇ. ಗ್ರೂಪಲ್ಲಿ ಬರೀತೀನಿ. ಈಗಲೇ."

"ಬರೀರಿ ಮೇಡಂ," ಎಂದ ಅವನು. ಸರಿ, ಪರವಾಗಿಲ್ಲ ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಅವನೂ ಆಶ್ರಿತಾಳೂ ಇಳಿಜಾರಿನಲ್ಲಿ ಮರೆಯಾದ ಮೇಲೆ ಭಾಗ್ಯಶ್ರೀ ತನ್ನ ಕೋಟು ಹಾಕಿಕೊಂಡಳು.

"ಪೊಲೀಸರಿಗೂ ಕಂಪನಿಗೂ ಕಾರು ಸಿಕ್ಕಿತು ಅಂತ ಹೇಳಿಬಿಡಿ ಡಾಕ್ಟ್ರೇ. ನನ್ನ ಕೆಲಸ ಅಲ್ಲಿಗೆ ಮುಗೀತು."

ಚಂದ್ರಿಕಾ ಹೊರಗೆ, ಖಾಲಿ ಜಾಗದತ್ತ ನೋಡುತ್ತಿದ್ದರು. "ಆ ಇನ್ವರ್ನೆಸ್ ಕೆಲಸ... ಇನ್ನೂ ಇರುತ್ತಾ?"

"ಇಲ್ಲ," ಒಳಗಿನಿಂದ ಸುಬ್ರಹ್ಮಣ್ಯ ಹೇಳಿದರು. "ನಿನ್ನೆ... ಫೋನಲ್ಲಿ ಬೇಡ ಅಂದಳು. ಕೇಳಿಸಿಕೊಂಡೆ."

ಚಂದ್ರಿಕಾ ಬಾಗಿಲಿನಿಂದ ಒಳಗೆ ಬಂದರು. ಆಮೇಲೆ ಮೇಜಿನ ಮೇಲಿದ್ದ ಫೋನು ತೆಗೆದು, ಕನ್ನಡಕ ಏರಿಸಿ ನಂಬರ್ ಹುಡುಕತೊಡಗಿದರು.

"ಯಾರಿಗೆ?" ಭಾಗ್ಯಶ್ರೀ ಕೇಳಿದಳು.

"ಊರ ಕೌನ್ಸಿಲ್‌ಗೆ. ಇವರನ್ನ ನೋಡಿಕೊಳ್ಳೋಕೆ ಮನೆಗೆ ಕೇರರ್ ಕಳಿಸ್ತೀವಿ ಅಂತ ಮೂರು ವರ್ಷದಿಂದ ಕೇಳ್ತಾನೇ ಇದಾರೆ. ನಮ್ಮವರನ್ನ ಹೊರಗಿನವರು ಮುಟ್ಟೋದು ಬೇಡ ಅಂತ ನಾನೇ ಒಪ್ಪಿರಲಿಲ್ಲ. ಆಶ್ರಿತಾ ಇನ್ನೊಂದು ಕೆಲಸ ಹುಡುಕಲಿ."

"ಇವತ್ತು ಶನಿವಾರ ಡಾಕ್ಟ್ರೇ. ಯಾರೂ ಎತ್ತೋದಿಲ್ಲ."

"ಗೊತ್ತು ಮೇಡಂ. ಮೆಸೇಜ್ ಬಿಡ್ತೀನಿ," ಎಂದು ಚಂದ್ರಿಕಾ ಫೋನನ್ನು ಕಿವಿಗಿಟ್ಟುಕೊಂಡರು. "ಸೋಮವಾರಕ್ಕೆ ಅಂತ ಬಿಟ್ಟರೆ ನಾನು ಮತ್ತೆ ಮಾಡೋದಿಲ್ಲ."